ಕೋಣಗಳಿಗೆ ಯಲ್ಲಾ ಎನ್ನುತ್ತಿದ್ದ ಸಿಪಾಯಿಯ ಬರಿ

ಮಗಳು ಮೆಚ್ಚಿದ ಹುಡುಗ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ಶುಕ್ರವಾರ ನಾನು ಅವನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಅದನ್ನೆಲ್ಲ ಮಗಳೇ ವಿಚಾರಿಸಿಕೊಂಡಿರುತ್ತಾಳೆ, ಆ ವಿಷಯದಲ್ಲಿ ಅವಳು ನನಗಿಂತ ಜೋರು. ನಾನು ಕೇಳಿದ್ದು ಒಂದೇ, ಅವನ ಬರಿ ಯಾವುದು ಎಂದು.

ತುಳುವರಲ್ಲದವರಿಗೆ ಇದನ್ನು ಹೇಳಿಬಿಡಬೇಕು. ಬರಿ ಎಂದರೆ ನಮ್ಮ ಗೋತ್ರ ಎಂದುಕೊಳ್ಳಿ, ಆದರೆ ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬರಿಯವರು ಎಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಲೆಕ್ಕ. ಹುಡುಗ ಮಸ್ಕತ್ತಿನಲ್ಲಿ ಹುಟ್ಟಿರಲಿ, ಹುಡುಗಿ ಮಂಗಳೂರಿನಲ್ಲಿ ಹುಟ್ಟಿರಲಿ, ಬರಿ ಒಂದೇ ಆಯಿತೋ, ಅವರು ಅಣ್ಣ ತಂಗಿ. ಮದುವೆಯ ಮಾತನ್ನು ಅಲ್ಲಿಗೇ ಬಿಡಬೇಕು.

ಹುಡುಗ ಇಲ್ಲೇ ಒಮಾನಿನ ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ಅಪ್ಪ ಅಮ್ಮ ಸಲಾಲಾದಲ್ಲಿ, ಅಪ್ಪನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ. ಸೂರ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಮಸ್ಕತ್ತಿನ ವಾದಿ ಅದಾಯ್‌ಗೆ ಬಂದು, ನಮ್ಮ ಕಟ್ಟಡದ ಕೆಳಗಿನ ಟಯರ್ ಅಂಗಡಿಯ ಸುತ್ತ ಪಾರ್ಕಿಂಗ್ ಹುಡುಕಿ ಬೆವರಿಳಿಸಿಕೊಂಡು, ಹಲ್ವಾದ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಾಗಲೇ ಅವನು ನನಗೆ ಇಷ್ಟವಾಗಿಬಿಟ್ಟಿದ್ದ. ಕೋರಿ ರೊಟ್ಟಿಯನ್ನು ಕೈಯಲ್ಲಿ ಪುಡಿ ಮಾಡಿ ಕೋಳಿ ಸಾರಿನಲ್ಲಿ ನೆನೆಯಲು ಬಿಟ್ಟದ್ದು ನೋಡಿ ಇನ್ನಷ್ಟು ಇಷ್ಟವಾದ. ಒಮಾನಿನಲ್ಲೇ ಬೆಳೆದ ಮಕ್ಕಳು ಅದನ್ನು ಚಿಪ್ಸಿನ ಹಾಗೆ ಕಡಿಯುತ್ತಾರೆ, ನೋಡಿದರೆ ನನಗೆ ಮೈ ಉರಿಯುತ್ತದೆ.

ಬರಿ ಕೇಳಿದ ಕೂಡಲೇ ಅವನ ಮುಖ ಅರಳಿತು. ಎದೆಯುಬ್ಬಿಸಿ ಬರಿಯ ಹೆಸರು ಹೇಳಿದ.

ಅದು ನನ್ನ ಬರಿ. ಎಂದರೆ ನನ್ನ ಮಗಳ ಬರಿ.

ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೇ ನಿಂತಿತು. ಅವನಿಗೆ ಅದೊಂದೂ ಗೊತ್ತಾಗಲಿಲ್ಲ, ಬರಿಯ ಕಥೆಯನ್ನೇ ಹೇಳಲು ಕುಳಿತ. ಅವನ ಪ್ಲಾಂಟಿನ ಮೇಲಧಿಕಾರಿ ಅಮೆರಿಕದವರಂತೆ. ಅವರ ಪೂರ್ವಜನೊಬ್ಬ ಆ ದೇಶ ಹುಟ್ಟುವ ಕಾಲದಲ್ಲಿ ಹೊಲ ಉಳುತ್ತಿದ್ದ ರೈತ. ಯುದ್ಧ ಬಂದಾಗ ಬಂದೂಕು ಹಿಡಿದು ಹೋಗಿ, ಬದುಕಿ ಬಂದು ಮತ್ತೆ ಅದೇ ಹೊಲಕ್ಕಿಳಿದನಂತೆ. ಆ ರೈತನಿಂದ ತಮ್ಮವರೆಗೆ ಅಪ್ಪ, ಅಪ್ಪನ ಅಪ್ಪ, ಅವರಪ್ಪ ಎಂದು ಒಬ್ಬೊಬ್ಬರನ್ನೇ ಪತ್ತೆ ಮಾಡಿ, ದೊಡ್ಡ ವಂಶವೃಕ್ಷ ಬರೆದು ಆಫೀಸಿನ ಗೋಡೆಗೆ ಹಾಕಿಕೊಂಡಿದ್ದಾರಂತೆ. ಅದನ್ನು ನೋಡಿ ಇವನಿಗೂ ಹುಚ್ಚು ಹಿಡಿದಿದೆ.

"ನಮ್ಮಲ್ಲಿಯೂ ಹಾಗೇ ಒಬ್ರು ಇದ್ರು ಆಂಟಿ. ನಮ್ಮ ಮುತ್ತಜ್ಜ. ಗದ್ದೆ ಕೆಲಸ ಮಾಡಿಕೊಂಡಿದ್ದವ್ರು ಮಿಲಿಟರಿಗೆ ಸೇರಿ ಎರಡನೇ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋದ್ರಂತೆ. ವಾಪಸ್ ಬಂದು ಪುನಃ ಗದ್ದೆಗೇ ಇಳಿದ್ರು. ಗಮ್ಮತ್ತು ಗೊತ್ತುಂಟಾ? ಉಳುವಾಗ ಕೋಣಗಳಿಗೆ ಯಲ್ಲಾ ಯಲ್ಲಾ ಅಂತಿದ್ರಂತೆ!"

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗಲು ಆಗಲಿಲ್ಲ. ಆ ಕೋಣಗಳನ್ನು ನಾನು ಕಣ್ಣಾರೆ ಕಂಡಿದ್ದೇನಲ್ಲ! ಆ ಸಿಪಾಯಿ ನನ್ನ ಅಜ್ಜಿಯ ಅಣ್ಣ. ಅಜ್ಜಿಯ ಮನೆಯಲ್ಲಿ ನಾವೆಲ್ಲ ಅವರನ್ನು ದೊಡ್ಡಜ್ಜ ಎಂದು ಕರೆಯುತ್ತಿದ್ದೆವು. ಖಾಕಿ ಕೋಟನ್ನು ಬರಿಮೈ ಮೇಲೆ ಹಾಕಿಕೊಂಡು, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಅವರು ಯಲ್ಲಾ ಎಂದು ಕೂಗಿದರೆ ಕೋಣಗಳ ಜೊತೆ ನಾವು ಮಕ್ಕಳೂ ಓಡುತ್ತಿದ್ದೆವು. ಮದುವೆಯಾಗಿ ಮಸ್ಕತ್ತಿಗೆ ಬಂದ ದಿನ ಟ್ಯಾಕ್ಸಿಯವನು ನಮಗೆ ಯಲ್ಲಾ ಎಂದಾಗ, ಈ ಪುಣ್ಯಾತ್ಮ ನಮ್ಮನ್ನು ಕೋಣ ಅಂದುಕೊಂಡನೋ ಎಂದು ನಾನು ಗಂಡನ ಮುಖ ನೋಡಿದ್ದೆ. ನಡೆ, ಬೇಗ ಎನ್ನಲು ಆ ಮಾತು ಎಲ್ಲ ಅರಬರ ಬಾಯಲ್ಲೂ ಇದೆ ಎಂದು ಆಮೇಲೆ ತಿಳಿಯಿತು.

ದೊಡ್ಡಜ್ಜನಿಗೆ ತಂಗಿಯಂದಿರು ಹಲವರಿದ್ದರು. ಬರಿ ಅದೇ ಎಂದ ಮೇಲೆ, ಅವರಲ್ಲಿ ಯಾವುದೋ ತಂಗಿಯ ಸಂತಾನ ಈ ಹುಡುಗ ಎಂದುಕೊಂಡೆ. ಹಾಗಾದರೆ ಬರಿ ಒಂದೇ ಆಗುವುದಷ್ಟೇ ಅಲ್ಲ, ಮನೆಯೂ ಒಂದೇ. ಬೇರೆ ಯಾರಾದರೂ ಇಂಥ ನೆಂಟನನ್ನು ಸೂರ್‌ನಲ್ಲಿ ಪತ್ತೆ ಮಾಡಿಕೊಟ್ಟಿದ್ದರೆ ನಾನು ಕುಣಿದಾಡುತ್ತಿದ್ದೆ. ಆ ಮಧ್ಯಾಹ್ನ ಮಾತ್ರ ಅವನಿಗೆ ಪಾಯಸ ಬಡಿಸಿ ಅಡುಗೆಮನೆಗೆ ಹೋಗಿಬಿಟ್ಟೆ.

ಅವನು ಹೋದ ಮೇಲೆ ಮಗಳಿಗೆ ವಿಷಯ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಜಗಳ ಆಡಿದೆವು ಎನ್ನಿ.

"ಅವನು ನನ್ನ ಬ್ರದರ್ ಹೇಗೆ ಆಗ್ತಾನೆ ಅಮ್ಮ? ಆರ್ ಯು ಸೀರಿಯಸ್?"

"ಸೀರಿಯಸ್ಸೇ. ಊರಲ್ಲಿ ನನ್ನ ಅಮ್ಮನಿಗೆ ಗೊತ್ತಾದ್ರೆ ಮದುವೆ ಚಪ್ಪರಕ್ಕೆ ಕಾಲಿಡ್ಲಿಕ್ಕಿಲ್ಲ."

"ಹಾಗಾದ್ರೆ ಬೇಡ. ನಿಮ್ಮ ಒಪ್ಪಿಗೆ ಇಲ್ದೆ ಅವನನ್ನು ಮದುವೆ ಆಗೋದಿಲ್ಲ, ಬೇರೆ ಯಾರನ್ನೂ ಆಗೋದಿಲ್ಲ. ಖಲಾಸ್." ಬಾಗಿಲು ದಡಾರನೆ ಹಾಕಿಕೊಂಡಳು.

ಓಡಿಹೋಗುತ್ತೇನೆ ಎಂದಿದ್ದರೆ ನಾನೂ ನಾಲ್ಕು ಮಾತು ಬೈದು ಗೆಲ್ಲುತ್ತಿದ್ದೆ. ಹೀಗೆ ಹೇಳಿದರೆ ಎಂಥ ಬೈಯುವುದು? ಆ ವಾರ ಇಡೀ ಹೀಗೇ ನಡೆಯಿತು. ನಾನು ಮೀನು ಹುರಿದೆ, ಅವಳು ಮೊಸರನ್ನ ತಿಂದಳು. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಬರುವ ನನ್ನ ಗಂಡ ಇಬ್ಬರ ಮುಖ ನೋಡಿ, ತಟ್ಟೆ ಹಿಡಿದುಕೊಂಡು ಟಿವಿಯ ಮುಂದೆ ಹೋಗಿ ಕೂರುತ್ತಿದ್ದರು. ಮಗಳ ಬಾಳು ನನ್ನ ಒಂದು ಪ್ರಶ್ನೆಯಿಂದ ಹಾಳಾಯಿತೇ ಎಂದು ಅಡುಗೆಮನೆಯಲ್ಲಿ ನಾನು ಅತ್ತದ್ದೂ ಉಂಟು. ಆದರೆ ಅಣ್ಣ ತಂಗಿಗೆ ಧಾರೆ ಎರೆಯಲು ನನ್ನ ಕೈ ಏಳಬೇಕಲ್ಲ.

ಮರುವಾರ ಹುಡುಗ ತಾನಾಗಿಯೇ ಬಂದ. ಮಗಳು ಅವನಿಗೆ ಎಲ್ಲ ಹೇಳಿದ್ದಳು. ಈ ಸಲ ಹಲ್ವಾ ಇಲ್ಲ, ಕಂಕುಳಲ್ಲಿ ಸುತ್ತಿದ ದೊಡ್ಡ ಹಾಳೆ. ಅವನ ವಂಶವೃಕ್ಷ.

"ಆಂಟಿ, ನೀವೇ ನೋಡಿ. ನಾವು ಎಲ್ಲಿ ಒಂದಾಗ್ತೇವೆ ತೋರಿಸಿ. ನೋಡದೆ ನಾನು ಒಪ್ಪುದಿಲ್ಲ."

ಊಟದ ಮೇಜಿನ ಮೇಲೆ ಹಾಳೆ ಬಿಡಿಸಿದೆವು. ನಾಲ್ಕು ಮೂಲೆಗೂ ಉಪ್ಪಿನಕಾಯಿ ಬಾಟಲಿ, ಸಕ್ಕರೆ ಡಬ್ಬ ಇಟ್ಟೆವು. ನಾನು ಕನ್ನಡಕ ಏರಿಸಿ ಕುಳಿತೆ. ಮೇಲೆ ದೊಡ್ಡಜ್ಜ. ಅವರ ಕೆಳಗೆ ಒಬ್ಬರು, ಅವರ ಕೆಳಗೆ ಹುಡುಗನ ಅಪ್ಪ, ಕೊನೆಗೆ ಇವನು. ನನ್ನ ಬೆರಳು ಹುಡುಕುತ್ತಾ ಹೋಯಿತು, ಸಿಗಬೇಕಾದದ್ದು ಸಿಗಲಿಲ್ಲ.

"ಇವರ ತಂಗಿ ಎಲ್ಲಿ ಮಾರಾಯ? ನಿನ್ನ ಮುತ್ತಜ್ಜಿ?"

"ತಂಗಿ ಅಲ್ಲ ಆಂಟಿ. ಇದು ಅವರ ಮಗ. ನನ್ನ ಅಪ್ಪನ ಅಪ್ಪ. ಸಣ್ಣ ಪ್ರಾಯದಲ್ಲೇ ಮುಂಬಯಿಗೆ ಹೋದವ್ರು, ಊರಿಗೆ ತಿರುಗಿ ಬರ್ಲಿಲ್ಲ."

ದೊಡ್ಡಜ್ಜನ ಮಗ! ಮುಂಬಯಿಗೆ ಹೋದ ಮಗನ ವಿಷಯ ದೊಡ್ಡವರು ಮಾತಾಡುವುದನ್ನು ಕೇಳಿದ್ದೆ, ನೋಡಿರಲಿಲ್ಲ. ನಾನು ಕನ್ನಡಕ ತೆಗೆದು ಕೆಳಗಿಟ್ಟೆ.

"ಈ ಬರಿ ನಿನಗೆ ಯಾರಿಂದ ಬಂತು?"

"ಅಪ್ಪನಿಂದ."

"ಅಪ್ಪನಿಗೆ?"

"ಅಜ್ಜನಿಂದ. ಅಜ್ಜನಿಗೆ ಮುತ್ತಜ್ಜನಿಂದ. ಅವರು ಅಷ್ಟು ಹೆಮ್ಮೆಯಿಂದ ಹೇಳಿಕೊಳ್ತಿದ್ರಂತೆ."

ನಾನು ನಗಲು ಶುರು ಮಾಡಿದೆ. ಅಯ್ಯೋ ದೇವರೇ, ನಕ್ಕು ನಕ್ಕು ಪಕ್ಕೆ ಹಿಡಿಯಿತು. ಮೂರು ತಲೆಮಾರು ಇವರು ಬರಿಯನ್ನು ಸರ್‌ನೇಮ್ ಹಾಗೆ ಅಪ್ಪನಿಂದ ಮಗನಿಗೆ ದಾಟಿಸುತ್ತಾ ಬಂದಿದ್ದಾರೆ! ಮುಂಬಯಿಯಲ್ಲಿ ತಿದ್ದುವವರು ಇರಲಿಲ್ಲ, ಸಲಾಲಾದಲ್ಲಿ ಯಾರು ಕೇಳುತ್ತಾರೆ? ಅಪ್ಪಂದಿರ ದಾರಿಯಲ್ಲೇ ಹೋಗುವ ಅಮೆರಿಕದವರ ವಂಶವೃಕ್ಷ ಆ ತಪ್ಪಿಗೆ ಚೌಕಟ್ಟು ಹಾಕಿಕೊಟ್ಟಿದೆ. ಹಾಳೆಯಲ್ಲಿ ಹುಡುಕಿದರೂ ಒಬ್ಬ ಹೆಂಗಸಿಲ್ಲ.

"ಪೆದ್ದ, ದೊಡ್ಡಜ್ಜನ ಬರಿ ಅವರ ತಂಗಿಯ ಮಕ್ಕಳಿಗೆ ಬಂತು, ನಮಗೆ. ಅವರ ಸ್ವಂತ ಮಕ್ಕಳಿಗೆ ಅವರ ಹೆಂಡತಿಯ ಬರಿ. ಹಾಗೆಯೇ ನಿನಗೆ ಬರೋದು ನಿನ್ನ ಅಮ್ಮಂದು. ಎತ್ತು ಫೋನು, ಅಮ್ಮನ ಹತ್ರ ಕೇಳು!"

ಫೋನು ಹೋಗುತ್ತಿರುವಾಗ ನನ್ನ ಗಂಡ ಮೆಲ್ಲಗೆ ಬಾಯಿ ಬಿಟ್ಟರು. "ಅವರದ್ದೂ ಇದೇ ಬರಿ ಆಗಿದ್ರೆ?"

ಈ ಮನುಷ್ಯನಿಗೆ ಮಾತಾಡಲು ಬೇರೆ ಹೊತ್ತೇ ಸಿಗಲಿಲ್ಲ. ನನ್ನ ನಗು ಅಲ್ಲಿಗೇ ಉಡುಗಿತು. ಮಗಳು ಕೋಣೆಯ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಿದ್ದಳು. ಬರಿಯನ್ನೇ ನಂಬದವಳು ಉಗುರು ಕಚ್ಚುತ್ತಿದ್ದಳು.

"ಅಮ್ಮ, ನಿನ್ನ ಬರಿ ಯಾವುದು?" ಹುಡುಗ ಸ್ಪೀಕರ್ ಹಾಕಿ ಕೇಳಿದ.

ಆ ಕಡೆಯಿಂದ ಸಲಾಲಾದ ಜಿಟಿಜಿಟಿ ಮಳೆಯಲ್ಲಿ ಯಾವುದೋ ಗಾಡಿ ಹೋದ ಸದ್ದು ಕೇಳಿಸಿತು.

"ಯಾಕೆ ಮಗ ಈಗ?"

"ಹೇಳಮ್ಮ."

"ನನ್ನ ಮದುವೆ ಮಾತಾಡುವಾಗ ಒಮ್ಮೆ ಕೇಳಿದ್ರು," ಎಂದರು ಆಕೆ ನಿಧಾನವಾಗಿ. "ಆಮೇಲೆ ಈ ಮನೆಯಲ್ಲಿ ಯಾರೂ ಕೇಳ್ಲಿಲ್ಲ. ನೀನು ಹುಟ್ಟಿದಾಗ ನಾನೇ ಹೇಳ್ಲಿಕ್ಕೆ ಹೋದೆ. ನಮ್ಮದು ಸಿಪಾಯಿಯ ಬರಿ ಅಂತ ನಿನ್ನ ಅಜ್ಜ ಅಷ್ಟು ಖುಷಿಯಲ್ಲಿದ್ರು, ಬೇಡ ಅಂತ ಸುಮ್ಮನಾದೆ."

ಮತ್ತೆ ತನ್ನ ಬರಿ ಹೇಳಿದರು. ತನ್ನ ತಾಯಿಯ ಹೆಸರು ಹೇಳಿ, ತಾಯಿಯ ತಾಯಿಯ ಹೆಸರು ಹೇಳಿ, ಅವರ ತಾಯಿಯದ್ದನ್ನೂ ಹೇಳಿದರು. ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ, ಎಲ್ಲೂ ತಡವರಿಸದೆ. ಅಷ್ಟು ವರ್ಷ ಯಾರೂ ಕೇಳದಿದ್ದರೂ ಒಂದನ್ನೂ ಮರೆತಿರಲಿಲ್ಲ. ನನ್ನ ಕಣ್ಣು ತುಂಬಿತು.

ಬರಿ ಬೇರೆ! ನಮ್ಮದಕ್ಕೂ ಅದಕ್ಕೂ ಸಂಬಂಧವೇ ಇಲ್ಲ!

ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ಮಗಳು ಓಡಿ ಬಂದು ನನ್ನ ಕುತ್ತಿಗೆಗೆ ಜೋತು ಬಿದ್ದಳು. ನನ್ನ ಗಂಡ, ತನಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿಕೊಂಡು ಮೀಸೆ ತಿರುವಿದರು. ಹುಡುಗ ದೊಡ್ಡಜ್ಜನ ಕಡೆಯವನು, ನಾವು ಅವರ ತಂಗಿಯ ಕಡೆಯವರು. ನಮ್ಮಲ್ಲಿ ಹಿಂದಿನವರು ಹುಡುಕಿಕೊಂಡು ಹೋಗಿ ಮಾಡುತ್ತಿದ್ದ ಸಂಬಂಧ ಇದು. ಹುಡುಗನ ಅಮ್ಮನಿಗೆ ಫೋನಿನಲ್ಲೇ ಹೇಳಿದೆ, "ಅಕ್ಕ, ನಿಮ್ಮ ಯಜಮಾನ್ರನ್ನು ಕರ್ಕೊಂಡು ಬೇಗ ಬನ್ನಿ, ದಿನ ನೋಡುವ."

ಹುಡುಗ ಒಬ್ಬನೇ ಸಪ್ಪಗಿದ್ದ. ಹಾಳೆಯ ಮೇಲ್ಗಡೆ ಬರೆದ ಆ ಹೆಸರನ್ನು ಬೆರಳಲ್ಲಿ ಸವರುತ್ತಿದ್ದ.

"ಎಂತಾಯ್ತಾ? ಹುಡುಗಿ ಸಿಕ್ಕಿದ್ಲಲ್ಲ?"

"ಖುಷಿಯೇ ಆಂಟಿ. ಆದ್ರೆ ಸಣ್ಣವನಿಂದ ನಾನು ಸಿಪಾಯಿಯ ಬರಿ ಅಂದ್ಕೊಂಡೇ ಬೆಳ್ದೆ. ಈಗ ಅದು ನಂದಲ್ಲ. ಇನ್ನು ನಮ್ಮ ಮನೆಯಲ್ಲಿ ಆ ಬರಿ ಹೇಳುವವ್ರು ಯಾರೂ ಇಲ್ಲ."

ನಾನು ಮಗಳ ರಟ್ಟೆ ಹಿಡಿದು ಎಳೆದು ಅವನ ಪಕ್ಕ ನಿಲ್ಲಿಸಿದೆ. "ಇವಳದ್ದು ಯಾವ ಬರಿ?"

"ನಿಮ್ಮದೇ. ದೊಡ್ಡಜ್ಜಂದು."

"ನಾಳೆ ನಿಮಗೆ ಮಕ್ಕಳಾದ್ರೆ ಅವಕ್ಕೆ ಯಾವುದು?"

ಅವನು ನನ್ನ ಮುಖ ನೋಡಿದ. ಅವಳ ಮುಖ ನೋಡಿದ.

"ಅಂದ್ರೆ ಮುತ್ತಜ್ಜನ ಬರಿಯೇ! ಅವರು ನಮ್ಮ ಮನೆಗೆ ವಾಪಸ್ ಬರ್ತಾರೆ?"

"ಬರ್ತಾರೆ ಮಗ," ಎಂದೆ. "ನನ್ನ ಮಗಳ ಹೊಟ್ಟೆಯಲ್ಲಿ ಬರ್ತಾರೆ."

"ಅಮ್ಮಾ!" ಎಂದು ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸ್ಪೀಕರ್ ಯಾರೂ ಆರಿಸಿರಲಿಲ್ಲ. ಸಲಾಲಾದಿಂದ ಹುಡುಗನ ಅಮ್ಮ ನಗುವುದು ಕೇಳಿಸುತ್ತಿತ್ತು.