ಎಂಟು ಮನೆಗಳ ಕೂದಲ ಬಣ್ಣ

ನಮ್ಮ ವಂಶದಲ್ಲಿ ಯಾರ ಕೂದಲೂ ನೆರೆಯುವುದಿಲ್ಲ ಎಂಬುದು ದಾಂಡೇಲಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಸತ್ಯವಾಗಿತ್ತು. ಒಪ್ಪಿಸಿದವನು ನಾನೇ. ಐವತ್ತಾರು ತುಂಬಿದರೂ ನನ್ನ ತಲೆ ಕಾಗೆಗೆ ಹೊಟ್ಟೆಕಿಚ್ಚು ಬರುವಷ್ಟು ಕಪ್ಪಗಿತ್ತು. ಗುಟ್ಟು ಕೇಳಿದವರಿಗೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಕರಿಬೇವಿನ ರಸ ಕುಡಿಯಬೇಕು ಎನ್ನುತ್ತಿದ್ದೆ. ಅದನ್ನು ನಾನು ಒಂದು ದಿನವೂ ಬಾಯಿಗೆ ಮುಟ್ಟಿಸಿದವನಲ್ಲ. ಆದರೆ ಪಕ್ಕದ ಮನೆಯ ಫಿಟರ್ ಸಾಹೇಬರು ನನ್ನ ಮಾತನ್ನು ನಂಬಿ ವರ್ಷದಿಂದ ಕುಡಿಯುತ್ತಿದ್ದರು. ಅವರ ತಲೆ ಬೆಳ್ಳಗೇ ಉಳಿದಿತ್ತು. ಕುಡಿಯುವ ಹೊತ್ತಿಗೆ ಮುಖ ಮಾತ್ರ ಹಸಿರಾಗುತ್ತಿತ್ತು.

"ಇನ್ನೂ ಎಷ್ಟ ದಿನ ಬೇಕ್ರಿ ಅಣ್ಣಾರ?" ಎಂದು ಕಂಪೌಂಡ್ ಗೋಡೆಯಾಚೆಯಿಂದ ಕೇಳುತ್ತಿದ್ದರು.

"ಶ್ರದ್ಧಾ ಇರಬೇಕ್ರಿ," ಎಂದು ಈಚೆಯಿಂದ ನಾನು ಗಂಭೀರವಾಗಿ ಹೇಳುತ್ತಿದ್ದೆ.

ನಿಜವೇನೆಂದರೆ, ಹನ್ನೊಂದು ವರ್ಷಗಳಿಂದ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ಬಣ್ಣದ ಪುಡಿಯನ್ನು ದಾಂಡೇಲಿಯಲ್ಲಿ ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆಂದು ಹಳಿಯಾಳಕ್ಕೆ ಬಸ್ಸಿನಲ್ಲಿ ಹೋಗಿ ತರುತ್ತಿದ್ದೆ. ಇಷ್ಟು ಭದ್ರವಾಗಿದ್ದ ನನ್ನ ಮಾನವನ್ನು ಕೆಡಿಸಿದ್ದು ಒಂದು ಡಬ್ಬಿ.

ಆಗ ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ನಮಗೆ ಟಿವಿ ಕೇಬಲ್ ಕೊಡುತ್ತಿದ್ದವನೇ ಇಂಟರ್‌ನೆಟ್ಟನ್ನೂ ಕೊಡತೊಡಗಿದ್ದ. ನಮ್ಮ ಸಾಲಿನ ಎಂಟು ಮನೆಗಳದು ಒಂದು ಹಳೆಯ ರೂಢಿ. ಏಣಿ ಒಂದೇ, ಶಾವಿಗೆ ಒತ್ತುವ ಮಣೆ ಒಂದೇ, ಪೇಪರು ಒಂದೇ, ಎಲ್ಲವೂ ಮನೆಯಿಂದ ಮನೆಗೆ ಸಾಗಬೇಕು. ಆ ಪ್ರಕಾರ ಇಂಟರ್‌ನೆಟ್ಟನ್ನೂ ಒಂದೇ ಕನೆಕ್ಷನ್ ತೆಗೆದುಕೊಂಡು, ಮಾಡಿನ ಕೆಳಗೆ ತಂತಿ ಎಳೆದು ಎಂಟು ಮನೆಗೆ ಹಂಚಿಕೊಂಡೆವು. ಶಾವಿಗೆ ಮಣೆಯಿಂದ ಯಾರ ಗುಟ್ಟೂ ಹೊರಬಿದ್ದಿರಲಿಲ್ಲವಾದ್ದರಿಂದ ಇದರಲ್ಲೂ ಅಪಾಯ ಕಾಣಲಿಲ್ಲ.

ಒಂದು ದಿನ, ಏನು ತೆರೆದರೂ ಪುಟದ ನೆತ್ತಿಯ ಮೇಲೆ ಒಂದು ಜಾಹೀರಾತಿನ ಪಟ್ಟಿ ಬರಲಾರಂಭಿಸಿತು. ಮೊದಲು ಗಣೇಶಗುಡಿಯ ಹೋಮ್‌ಸ್ಟೇ ಬಂತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಮುಂಡಗೋಡದ ಟಿಬೆಟನ್ ಕಾಲೊನಿಯ ಸ್ವೆಟರ್ ಬಂತು. ತುದಿಮನೆಯ ಟೀಚರ್ ಬಾಯಿ ಸ್ವೆಟರಿನ ನಮೂನೆ ಹುಡುಕಿದ್ದರಂತೆ. ಮೂರನೆಯದಾಗಿ, ಎಂಟೂ ಮನೆಗಳಲ್ಲಿ ಏಕಕಾಲಕ್ಕೆ, ಮೂಲವ್ಯಾಧಿಯ ಖಾತ್ರಿ ಚಿಕಿತ್ಸೆ ಬಂತು. ಅಂದು ಸಂಜೆ ಫಿಟರ್ ಸಾಹೇಬರು ಕಟ್ಟೆಯ ಮೇಲೆ ಕೂಡ್ರದೆ ನಿಂತೇ ಮಾತಾಡಿದ್ದನ್ನು ಎಲ್ಲರೂ ಗಮನಿಸಿದರು.

ಹತ್ತನೇ ತರಗತಿಯ ಗೈಡು, ಗರ್ಭಿಣಿಯರ ಟಾನಿಕ್ಕು ಕೂಡ ಬಂದ ಮೇಲೆ ಕೇಬಲ್‌ನವನನ್ನು ಕೇಳಿದರೆ ಅವನಿಗೆ ಹೆಮ್ಮೆಯೋ ಹೆಮ್ಮೆ. "ಹೊಸಾ ಡಬ್ಬಿ ಹಾಕೀನ್ರಿ ಕಾಕಾ. ನೀವು ಏನೇನ ನೋಡ್ತೀರಿ ಎಲ್ಲಾ ಬರಕೊಂತೈತಿ. ಅದಕ್ಕ ತಕ್ಕಂಗ ಜಾಹೀರಾತ ಬಿಡ್ತೈತಿ. ನಿಮ್ಮ ಸಾಲಿಗೆ ಒಂದ ಕನೆಕ್ಷನ್ ನೋಡ್ರಿ, ಅದರ ಲೆಕ್ಕದಾಗ ನೀವೆಲ್ಲಾರೂ ಕೂಡಿ ಒಬ್ಬ ಗಿರಾಕಿ."

ಅಂದರೆ ಆ ಡಬ್ಬಿಯ ದೃಷ್ಟಿಯಲ್ಲಿ, ಸ್ವೆಟರ್ ಹಾಕಿಕೊಂಡ, ಮೂಲವ್ಯಾಧಿಯ, ಹತ್ತನೇ ಇಯತ್ತೆಗೆ ಗೈಡ್ ಬೇಕಾದ, ಗರ್ಭಿಣಿಯೂ ಆದ ಒಬ್ಬ ವ್ಯಕ್ತಿ ನಮ್ಮ ಸಾಲಿನಲ್ಲಿ ವಾಸವಾಗಿದ್ದ.

ನಾನು ನಗುತ್ತಲೇ ಇದ್ದೆ. ಆದರೆ ಅದೇ ವಾರ ನನ್ನ ಪುಡಿಯಿಂದ ತಲೆ ಕೆರೆತ ಶುರುವಾಗಿತ್ತು. ಹೆಂಡತಿ ಭಜನೆಗೆ ಹೋದ ಮಧ್ಯಾಹ್ನ, ಕೆರೆತವಿಲ್ಲದ ಬಣ್ಣ ಯಾವುದಾದರೂ ಇದೆಯೇ ಎಂದು ಒಂದೇ ಒಂದು ಸಲ ಹುಡುಕಿದೆ. ಮರುದಿನ ಬೆಳಿಗ್ಗೆ ಎಂಟು ಮನೆಗಳಲ್ಲೂ ಒಬ್ಬ ಮುದುಕ ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು ತಲೆ ಹೊತ್ತು ಹಲ್ಲು ಕಿರಿಯುತ್ತಿದ್ದ.

"ಇದು ಯಾರದ್ರೀ?" ಎಂದು ಟೀಚರ್ ಬಾಯಿ ರಸ್ತೆಯಲ್ಲಿ ನಿಂತು ಕೇಳಿದರು. ಯಾರದೂ ಅಲ್ಲ ಎಂದು ಎಂಟು ಮನೆಗಳೂ ಹೇಳಿದವು. ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ್ದು ನನ್ನ ಮನೆ.

ಸಂಜೆ ಟೀಚರ್ ಬಾಯಿಯವರ ಪಡಸಾಲೆಯಲ್ಲಿ ಚುರುಮುರಿ, ಚಹಾದೊಂದಿಗೆ ಸಭೆ ಸೇರಿತು. ಕಾಗದದ ಗಿರಣಿಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಅರ್ಜಿ ಬರೆದವನೆಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ನಾನು ಎದ್ದು ನಿಂತು, ಹಿಟ್ಟಿನ ಗಿರಣಿಯವನು ಜೋಳ ಬೀಸಿ ಕೊಡಬೇಕೇ ಹೊರತು ಯಾರ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿಂದರೆಂದು ಊರಿಗೆ ಸಾರಬಾರದು ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಮಾತು ಪ್ರಾಮಾಣಿಕವಾಗಿತ್ತು, ಇವತ್ತಿಗೂ ಅದರಲ್ಲಿ ಒಂದಕ್ಷರ ಬದಲಿಸಲಾರೆ. ಸಂಕಟವೆಲ್ಲ ಭಾಷಣಕಾರನ ತಲೆಯದು.

ಅರ್ಜಿ ಒಯ್ದರೆ ಕೇಬಲ್‌ನವನು ತಣ್ಣಗೆ ಹೇಳಿದ: "ಆತ್ರಿ, ತಗಸ್ತೀನಿ. ಯಾವ ಜಾಹೀರಾತು ಬ್ಯಾಡ ಅಂತ ಬರೀರಿ, ಅದು ಯಾರ ಸಲುವಾಗಿ ಬಂದೈತಿ ಅವರ ಸಹಿ ಹಾಕಸ್ರಿ. ಎಂಟೂ ಮನಿ ಸಹಿ ಬಂದ ಮ್ಯಾಲೆ ನಿಮ್ಮ ಸಾಲು ಡಬ್ಬಿಯಿಂದ ಹೊರಗ."

ಗುಟ್ಟು ಮುಚ್ಚಲು ಮೊದಲು ಗುಟ್ಟನ್ನು ಬರೆದುಕೊಡಬೇಕು ಎಂಬ ಈ ನಿಯಮ ಕೇಳಿ ನಾನು ಮೂವತ್ತು ವರ್ಷದ ನೌಕರಿಯಲ್ಲಿ ಕಂಡ ಫಾರ್ಮುಗಳಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಸಹಿ ಮಾಡುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಮರುದಿನದ ಸಭೆಯಲ್ಲಿ ಅಧ್ಯಕ್ಷನಾಗಿ ಒಂದು ಉಪಾಯ ಮಂಡಿಸಿದೆ. "ಸಹಿ ಯಾಕ ಬೇಕ್ರಿ? ಡಬ್ಬಿಗೇ ಹುಚ್ಚ ಹಿಡಸೂಣು. ಒಂದ ವಾರ ಎಂಟೂ ಮನಿಯವರು ಬರೇ ಕೂದಲ ಬಣ್ಣ ಹುಡಕೂಣು. ಅದಕ್ಕ ಏನೂ ತಿಳಿಬಾರದು." ಬಣವೆಯಷ್ಟು ಹುಲ್ಲು ಬಿದ್ದರೆ ನನ್ನ ಒಂದು ಕಡ್ಡಿ ಯಾರಿಗೂ ಕಾಣುವುದಿಲ್ಲ ಎಂಬುದು ಒಳಗಿನ ಲೆಕ್ಕ. ಸಭೆ ಒಮ್ಮತದಿಂದ ಒಪ್ಪಿತು. ನನ್ನ ಬುದ್ಧಿವಂತಿಕೆಯನ್ನು ಫಿಟರ್ ಸಾಹೇಬರು ವಿಶೇಷವಾಗಿ ಕೊಂಡಾಡಿದರು.

ನಮ್ಮ ಸಾಲಿನ ಜನ ಒಂದು ಕೆಲಸ ಹಿಡಿದರೆ ಕಾಟಾಚಾರಕ್ಕೆ ಮಾಡುವವರಲ್ಲ. ಬರೇ ಹುಡುಕಿ ಬಿಡಿರೆಂದು ನಾನು ಹೇಳಿದ್ದು, ಅವರು ಓದಿದರು. ಅಡುಗೆ ಮುಗಿಸಿ ಹೆಂಗಸರು ಓದಿದರು, ಪಾಳಿ ಮುಗಿಸಿ ಗಂಡಸರು ಓದಿದರು, ಕಟ್ಟೆಯ ಮೇಲೆ ಚರ್ಚೆಯಾಯಿತು. ವಾರ ಮುಗಿಯುವಷ್ಟರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೂದಲ ಬಣ್ಣದ ಬಗ್ಗೆ ನಮ್ಮ ಸಾಲಿನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ.

ಎಂಟನೆಯ ದಿನದ ಸಭೆಯಲ್ಲಿ ಟೀಚರ್ ಬಾಯಿ ಚಹಾ ಕೊಡುತ್ತ ಅಂದರು: "ಬಣ್ಣ ಹಚ್ಚಿದವರನ್ನ ಕಂಡು ಹಿಡಿಯೂದು ಭಾಳ ಸರಳಂತ್ರಿ. ಕಿವಿ ಹಿಂದ ಕರೀ ಕಲೆ ಇರ್ತಾವಂತ. ಬಿಸಲಾಗ ನಿಂತ್ರ ಕೂದಲಾ ಕೆಂಪ ಹೊಡಿತಾವಂತ."

"ಮತ್ತ ದಿಂಬಿನ ಕವರ್ ಎಂದೂ ಬಿಳೀದು ಹಾಕೂದಿಲ್ಲಂತ," ಎಂದು ಇನ್ನೊಬ್ಬರು ಸೇರಿಸಿದರು.

ನಮ್ಮ ಹಿತ್ತಿಲ ಹಗ್ಗದ ಮೇಲೆ ಹನ್ನೊಂದು ವರ್ಷಗಳಿಂದ ಕಡುಗೆಂಪು ದಿಂಬಿನ ಕವರುಗಳು ಒಣಗುತ್ತಿದ್ದವು. ಆ ಗಳಿಗೆಯಲ್ಲೂ ಒಣಗುತ್ತಿದ್ದವು, ಪಡಸಾಲೆಯಿಂದ ಚೆನ್ನಾಗಿ ಕಾಣುತ್ತಿದ್ದವು. ಎಲ್ಲರ ಕಣ್ಣೂ ಹಗ್ಗಕ್ಕೆ ಹೋಗಿ ನನ್ನ ಕಿವಿಗೆ ಬಂದವು. ನಾನು ಹೆಂಡತಿಯತ್ತ ನೋಡಿದೆ. ಅವಳು ಚುರುಮುರಿಯಲ್ಲಿ ಶೇಂಗಾ ಆರಿಸುತ್ತ, "ನನಗ ಏನ ನೋಡ್ತೀರಿ? ಆ ಬಣ್ಣದ ಕವರ್ ನಾ ಹೌಸಿಗೆ, ಚಂದ ಕಾಣ್ತಾವಂತ ತಂದೇನೇನು?" ಎಂದಳು. ಅವಳಿಗೂ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಇಷ್ಟಾದ ಮೇಲೆ ಅಧ್ಯಕ್ಷಸ್ಥಾನದ ಘನತೆ ಉಳಿಯುವ ದಾರಿ ಒಂದೇ ಇತ್ತು. ಫಾರ್ಮು ತರಿಸಿ, ಎಲ್ಲರೆದುರು ಬರೆದೆ: "ಕೂದಲ ಬಣ್ಣ ನನ್ನದು. ಅದನ್ನು ಇಣುಕಿ ನೋಡುವ ಹಕ್ಕು ನಿಮ್ಮದಲ್ಲ." ಕೆಳಗೆ ಸಹಿ ಮಾಡಿದೆ.

ಫಿಟರ್ ಸಾಹೇಬರು ಬಗ್ಗಿ ನನ್ನ ಸಹಿಯನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು, "ಹಂಗಾರ ಅಣ್ಣಾರ, ನಾ ಒಂದ ವರ್ಷ ಕುಡದದ್ದು?"

"ಅದು ಹೊಟ್ಟಿಗೆ ಛಲೋರಿ," ಎಂದೆ.

"ಹೊಟ್ಟಿಗೆ ಛಲೋ ಇದ್ದಿದ್ರ ನಾ ಮೂಲವ್ಯಾಧಿ ಯಾಕ ಹುಡಕತಿದ್ನಿರಿ!" ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲವಾದ್ದರಿಂದ ಫಾರ್ಮು ಎಳೆದುಕೊಂಡು ಅವರೂ ಸಹಿ ಹಾಕಿದರು. ಉಳಿದ ಆರು ಮನೆಗಳ ಸಹಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಗರ್ಭಿಣಿಯ ವಿಷಯ ಅವಳ ಅತ್ತೆಗೆ ಗೊತ್ತಾದದ್ದು ಅಲ್ಲಿಯೇ. ಚುರುಮುರಿಯ ಜೊತೆಗೆ ಸಕ್ಕರೆಯೂ ಬಂತು.

ಎಂಟು ಮನೆಯವರೂ ಸೇರಿ ಕೇಬಲ್‌ನವನ ಅಂಗಡಿಗೆ ಹೋದೆವು. ಅವನು ಫಾರ್ಮು ಓದಿ, "ಕಾಕಾ, ಇದ ವಾರ ನಿಮ್ಮ ಸಾಲಿನಿಂದ ಕೂದಲ ಬಣ್ಣಕ್ಕ ಎಷ್ಟ ಬೇಡಿಕಿ ಬಂದೈತಿ ಗೊತ್ತೇನ್ರಿ? ಇನ್ನೊಂದ ತಿಂಗಳ ಇರಲಿ," ಎಂದು ರಾಗ ಎಳೆದ.

"ಟಿವಿ ಕೇಬಲ್ಲೂ ಕಿತ್ತಗೊಂಡ ಒಯ್ಯಪಾ," ಎಂದರು ಟೀಚರ್ ಬಾಯಿ. "ಎಂಟೂ ಮನೀದು."

ಅಂದೇ ಸಂಜೆ ನಮ್ಮ ಸಾಲು ಡಬ್ಬಿಯಿಂದ ಹೊರಗಾಯಿತು. ಹಲ್ಲು ಕಿರಿಯುವ ಮುದುಕ ಮತ್ತೆ ಬರಲಿಲ್ಲ.

ನನಗೆ ಶಿಕ್ಷೆ ವಿಧಿಸುವ ಅಧಿಕಾರವನ್ನು ಸಭೆ ಫಿಟರ್ ಸಾಹೇಬರಿಗೆ ಕೊಟ್ಟಿತ್ತು. ಅವರು ಕುಡಿದಷ್ಟೇ ದಿನ ನಾನೂ ಕುಡಿಯಬೇಕೆಂದು ತೀರ್ಪಾಯಿತು. ಮುಂದೆ ಒಂದು ವರ್ಷ ಅವರು ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಲೋಟ ದಾಟಿಸಿ, ಕೊನೆಯ ಗುಟುಕು ಇಳಿಯುವವರೆಗೂ ನಿಂತು ನೋಡುತ್ತಿದ್ದರು. ತಿಂಗಳುಗಳು ಕಳೆದಂತೆ ನನ್ನ ತಲೆ ಅವರ ತಲೆಯಷ್ಟೇ ಬೆಳ್ಳಗಾಯಿತು. ಹೆಂಡತಿ ಬಿಳಿ ದಿಂಬಿನ ಕವರು ಕೊಂಡಳು.

"ಇನ್ನೂ ಎಷ್ಟ ದಿನ ಐತ್ರಿ ಸಾಹೇಬ್ರ?" ಎಂದು ಮುಖ ಕಿವುಚಿ ಕೇಳಿದರೆ, ಅವರು ಖಾಲಿ ಲೋಟ ಇಸಿದುಕೊಂಡು ಬಹಳ ಗಂಭೀರವಾಗಿ ಹೇಳುತ್ತಿದ್ದರು:

"ಶ್ರದ್ಧಾ ಇರಬೇಕ್ರಿ ಅಣ್ಣಾರ."