ಮದ್ದಿಗೆ ಸಗಣಿ ಬೆರೆಸಿದ ಮನೆ

ಆ ಮನೆ ಗಂಗವ್ವನದಲ್ಲ, ಅಭಿ. ನನ್ನದು — ನನ್ನ ತವರು. ನಿನ್ನೆ ನಿನಗೆ ಸುಳ್ಳು ಹೇಳಿದೆ. ಈ ಸುಳ್ಳನ್ನು ಮೊದಲ ಸಲ ಹೇಳಿದಾಗ ನಾನೂ ನಿನ್ನಷ್ಟೇ ಇದ್ದೆ.

ನಿನಗೂ ನಿನ್ನ ತಂಗಿ ಮೇಘಾಗೂ ಕನ್ನಡ ಓದಲು ಬಾರದು. ಈ ಕಾಗದವನ್ನು ನಿಮ್ಮ ಅವ್ವ ಓದಿ ಹೇಳಲಿ. ಅವಳಿಗೂ ಇದು ಗೊತ್ತಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ —

ನಿನ್ನೆ ನೀನು ಊಟದ ಮೇಜಿನ ಮೇಲೆ ದೊಡ್ಡ ರಟ್ಟು ಹರವಿಕೊಂಡು, ಈ ದೇಶದವರು ಇಂಗ್ಲಿಷರ ಅರಸನ ವಿರುದ್ಧ ಕಾದಿದ ಯುದ್ಧದ ಚಿತ್ರಗಳನ್ನು ಒಂದು ಬದಿಗೆ, ನಮ್ಮ ಕಿತ್ತೂರಿನ ಕಾಳಗದವನ್ನು ಇನ್ನೊಂದು ಬದಿಗೆ ಅಂಟಿಸುತ್ತಿದ್ದೆ. ಬಂಕರ್ ಹಿಲ್ ಎಂಬ ಗುಡ್ಡದಲ್ಲಿ ಎರಡು ಸಲ ಶತ್ರುವನ್ನು ಹಿಮ್ಮೆಟ್ಟಿಸಿದರಂತೆ, ಮೂರನೆಯ ಸಲ ಮದ್ದು ತೀರಿತಂತೆ.

"ಅಜ್ಜಿ, ಕಿತ್ತೂರಲ್ಲೂ ಸೇಮ್ ಥಿಂಗ್ ಅಲ್ವಾ? ಗನ್‌ಪೌಡರ್ ಹಾಳು ಮಾಡಿದ್ದು ಯಾರು? ನೇಮ್ ಬೇಕು, ಟೀಚರ್ ಕೇಳ್ತಾರೆ."

"ಗಂಗವ್ವ ಅಂತ ಇದ್ಲಪಾ, ಅವರ ಮನಿತನದವರು" ಎಂದೆ. ಬಾಯಿ ತಾನಾಗಿ ಹೇಳಿತು. ನೀನು ಅದನ್ನು ಇಂಗ್ಲಿಷಿನಲ್ಲಿ ಬರೆದು ರಟ್ಟಿಗೆ ಅಂಟಿಸಿದೆ.

ಈ ದೇಶದವರು ಮೊದಮೊದಲು ಸೋತು ಕೊನೆಗೆ ಗೆದ್ದರು. ಕಿತ್ತೂರಿನವರು ಮೊದಲ ಕಾಳಗ ಗೆದ್ದರು, ಇಂಗ್ಲಿಷರ ಸಾಹೇಬ ಕೋಟೆಯೆದುರೇ ಬಿದ್ದ, ಎರಡನೆಯದರಲ್ಲಿ ಸೋತರು. ನಮ್ಮವರೇ ಯಾರೋ ತೋಪಿನ ಮದ್ದಿಗೆ ಸಗಣಿ ಬೆರೆಸಿದ್ದರು ಎಂದು ನಮ್ಮ ಸೀಮೆಯಲ್ಲಿ ಹೇಳುತ್ತಾರೆ. ನಿಜವೋ ಸುಳ್ಳೋ — ಬೆರೆಸಿದವರಲ್ಲಿ ನಮ್ಮ ಹಿರಿಯನೂ ಒಬ್ಬ ಎಂದು ನಮ್ಮ ಮನೆಯೊಳಗೇ ನಂಬಿದ್ದರು. ನಮ್ಮ ಹಿರಿಯರು ಕಿತ್ತೂರು ಬಿಟ್ಟು ಬೇರೆ ಊರಿಗೆ ಬಂದದ್ದೂ ಅದಕ್ಕೇ. "ಹೊರಗ ಬಾಯಿ ಬಿಟ್ಟೀ ಅಂದ್ರ ನಿನ್ನ ಯಾರೂ ಲಗ್ನ ಆಗೂದಿಲ್ಲ" ಎಂದು ನನ್ನ ಅಜ್ಜಿ ಹೆದರಿಸಿದ್ದಳು.

ಶಾಲೆಯಲ್ಲಿ ಆ ಪಾಠ ಬಂದ ದಿನ ಮಾಸ್ತರು ನಗುತ್ತ, "ಆ ಮಂದಿ ನಮ್ಮೂರಾಗ ಬಂದು ನೆಲೆಸ್ಯಾರಂತ. ಯಾರ್ರಲೇ ಅವರು?" ಎಂದರು. ಪಕ್ಕದಲ್ಲಿ ಗಂಗವ್ವ ಕೂತಿದ್ದಳು. ಅವಳ ಮನೆಯವರು ಸಗಣಿಯ ಕುಳ್ಳು ತಟ್ಟಿ ಮಾರುತ್ತಿದ್ದರು. ಎಂದೂ ಬಾಯಿ ಬಿಡದ ನಾನು ಎದ್ದು ನಿಂತೆ.

"ಗಂಗವ್ವನ ಮನ್ಯಾಗ ಸಗಣಿ ಭಾಳ ಐತ್ರಿ, ಸರ."

ಎಲ್ಲರೂ ನಕ್ಕರು. ಗಂಗವ್ವನೂ ನಕ್ಕಳು, ಅವಳಿಗೆ ಅದು ಚೇಷ್ಟೆ. ಆದರೆ ನಮ್ಮ ಕಡೆ ಅಡ್ಡಹೆಸರು ಒಬ್ಬರಿಗೆ ಅಂಟಿದರೆ ಮನೆತನಕ್ಕೇ ಅಂಟುತ್ತದೆ. ಅವಳ ಅಪ್ಪ, ಅಣ್ಣ, ಎಲ್ಲರೂ ಸಗಣಿಮದ್ದಿನವರಾದರು. ಊರು ಅದಕ್ಕೊಂದು ಕತೆಯನ್ನೂ ಹೊಸೆಯಿತು.

ಮುಂದೆ ಅವಳನ್ನು ನೋಡಲು ಬಂದ ಗಂಡಿನವರು ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದಾಗ ಯಾರೋ, "ನಾಡು ಮಾರಿದವರ ಮನೀ ಏನ್ರಿ?" ಅಂದರಂತೆ. ಅವರು ಅವಲಕ್ಕಿ ತಾಟು ಮುಟ್ಟದೆ ಎದ್ದುಹೋದರು. ಆ ಸಂಜೆ ಗಂಗವ್ವನ ತಾಯಿ ನಮ್ಮ ಹಿತ್ತಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಸಣ್ಣಾಕಿದ್ದಾಗ ಚಾಷ್ಟಿಗೆ ಅಂದಿದ್ದೆ ಅಂತ ಅವರಿಗೆ ಒಂದ ಮಾತು ಹೇಳವಾ."

ನನ್ನ ಲಗ್ನ ಗೊತ್ತಾಗಿತ್ತು. "ನನಗ ನೆನಪಿಲ್ಲ, ಚಿಗವ್ವ" ಎಂದೆ.

ಶಾಲೆಯ ಮಾತು ಹುಡುಗುತನ ಎನ್ನಬಹುದು. ಇದು ಹುಡುಗುತನವಲ್ಲ. ಗಂಗವ್ವನನ್ನು ದೊಡ್ಡ ಮಕ್ಕಳಿದ್ದ ಒಬ್ಬ ವಯಸ್ಸಾದವನಿಗೆ ಎರಡನೆಯ ಸಂಬಂಧವಾಗಿ ಕೊಟ್ಟರು. ಈಗ ಇದ್ದಾಳೋ ಇಲ್ಲವೋ — ನಾನು ವಿಚಾರಿಸಲಿಲ್ಲ. ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಅವರು ಹೋದ ಮೇಲಾದರೂ ಭಯ ಹೋಗಬೇಕಿತ್ತು. ಹೋಗಲಿಲ್ಲ. ಹೊತ್ತು ಹೊತ್ತು ದಣಿದಿದ್ದೇನೆ, ಅಷ್ಟೇ. ಆ ದಣಿವನ್ನೇ ಪಶ್ಚಾತ್ತಾಪ ಅಂದುಕೊಂಡಿದ್ದೆ. ನಿನ್ನೆ ಮತ್ತೆ ಅವಳ ಹೆಸರೇ ಬಾಯಿಗೆ ಬಂದಾಗ ತಿಳಿಯಿತು, ಅಲ್ಲ ಎಂದು.

ಆ ಹೆಸರನ್ನು ರಟ್ಟಿನಿಂದ ಕಿತ್ತುಬಿಡು, ಮಗಾ. ಯೂನಿಯನ್ ಸಿಟಿಯ ನಿನ್ನ ಶಾಲೆಯಲ್ಲಿ ಗಂಗವ್ವನನ್ನು ಯಾರೂ ಅರಿಯರು, ನಿಜ. ಆದರೂ ಬೇಡ. ಶುಕ್ರವಾರ ಮನೆಯವರೂ ಕ್ಲಾಸಿಗೆ ಬರಬಹುದು ಎಂದು ನೀನು ಕರೆದಾಗ, ನನಗೆ ಇಂಗ್ಲಿಷು ಬಾರದು, ನಾಚಿಕೆ, ಒಲ್ಲೆ ಎಂದಿದ್ದೆ. ಬರುತ್ತೇನೆ. ಮದ್ದು ಕೆಡಿಸಿದವರು ಯಾರು ಎಂದು ನಿನ್ನ ಟೀಚರು ಕೇಳಿದರೆ ನನ್ನ ಕಡೆ ಕೈ ತೋರಿಸು. ನಾನು ಎದ್ದು ನಿಲ್ಲುತ್ತೇನೆ.