ಹೇಳದೆ ಒತ್ತಿದ ಬ್ರೇಕು

ಕಾರು ಕಲಿಸುವ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಜನ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಅವರ ಸಿಟ್ಟು ಇದ್ದದ್ದು ಬಲಗಾಲಿನಲ್ಲಿ. ಬೆಳಗ್ಗೆಯಿಂದ ಸಂಜೆಯವರೆಗೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಇರುವ ಕೆಲಸ ಅವರದು. ಒಬ್ಬರು ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುತ್ತಿದ್ದರು. ಇನ್ನೊಬ್ಬರು ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿವೃತ್ತರಾದ ಬ್ಯಾಂಕ್ ಮ್ಯಾನೇಜರೊಬ್ಬರಂತೂ ಗೇರು ಬದಲಿಸುವಾಗ ರಸ್ತೆಯನ್ನು ಮರೆತು, ಗೇರಿಗೆ ಎಲ್ಲಿ ಬೇಜಾರಾದೀತೋ ಎಂಬಂತೆ ಅದನ್ನೇ ನೋಡುತ್ತಾ ಮೆಲ್ಲಗೆ ಸವರುತ್ತಿದ್ದರು. ಹೀಗಾಗಿ ಮನೆಯ ಸೋಫಾದಲ್ಲಿ ಕೂತಾಗಲೂ ಮೇಷ್ಟ್ರ ಬಲಗಾಲು ಆಗಾಗ ನೆಲ ಒತ್ತುತ್ತಿತ್ತು.

ಆದರೆ ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ತಾವು ಬ್ರೇಕ್ ಒತ್ತಿದಾಗಲೆಲ್ಲ "ಇದು ನಾನು ಒತ್ತಿದ್ದು" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಹೇಳದಿದ್ದರೆ ಕಾರು ನಿಂತದ್ದು ತಮ್ಮ ಕಾಲಿನಿಂದಲೇ ಎಂದು ಕಲಿಯುವವರು ಬೀಗಿಬಿಡುತ್ತಾರೆ. ಆಮೇಲೆ ಒಬ್ಬರೇ ರಸ್ತೆಗಿಳಿದ ದಿನ ಯಾರದೋ ಕಾಂಪೌಂಡಿಗೆ ಹೋಗಿ ಮುತ್ತಿಡುತ್ತಾರೆ.

ಅವರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅವಳು ಹೊರಡುವ ಹೊತ್ತಿಗೆ ಇವರು ಮನೆಯಲ್ಲಿರುತ್ತಿರಲಿಲ್ಲ. ಇವರು ಬರುವ ಹೊತ್ತಿಗೆ ಅವಳ ಕಣ್ಣು ಸೋತಿರುತ್ತಿತ್ತು. ಗ್ಯಾಸ್ ಮುಗಿಯಿತು, ಬಚ್ಚಲ ದೀಪ ಯಾರು ಆರಿಸಲಿಲ್ಲ ಎಂಬುದರ ಆಚೆಗೆ ಗಂಡ ಹೆಂಡತಿಯ ಮಾತು ದಾಟಿ ಎಷ್ಟೋ ಕಾಲವಾಗಿತ್ತು. ಅಷ್ಟರಲ್ಲಿ ಮನೆ ಖಾಲಿ ಮಾಡುತ್ತಿದ್ದ ಪಕ್ಕದವರು ಟಿವಿಗೆ ಹಾಕಿ ಆಡುವ ಗೇಮಿನ ಪೆಟ್ಟಿಗೆಯೊಂದನ್ನು ಇವರ ತಲೆಗೆ ಕಟ್ಟಿ ಹೋದರು. ಮೊದಮೊದಲು ತಮಾಷೆಗೆ ಕೂತರು. ಆಮೇಲೆ ಊಟಕ್ಕೆ ಮುಂಚಿನ ಒಂದು ಗಂಟೆ ಅದಕ್ಕೇ ಮೀಸಲಾಯಿತು. ಆ ಒಂದು ಗಂಟೆಗಾಗಿಯೇ ತಾವು ಸಂಜೆಯ ಕೊನೆಯ ಕ್ಲಾಸನ್ನು ಸರಸರ ಮುಗಿಸಿ ಬರುತ್ತಿದ್ದುದನ್ನು ಮೇಷ್ಟ್ರು ಯಾರಿಗೂ ಹೇಳಲಿಲ್ಲ.

ಆಟದಲ್ಲಿ ಇಬ್ಬರು ಪ್ರಯಾಣಿಕರು. ಒಬ್ಬನ ಕೈಯಲ್ಲಿ ಕೋಲು, ಒಬ್ಬಳ ಕೈಯಲ್ಲಿ ಲಾಟೀನು. ಕಾಡು, ಕೊಳ, ಪಾಳುಬಿದ್ದ ಊರು ದಾಟಿ ಬೆಟ್ಟದ ತುದಿ ಮುಟ್ಟಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರು ಬಂದು ಎಬ್ಬಿಸಬೇಕು. ಇಬ್ಬರೂ ಬಿದ್ದರೆ ಆ ಜಾಗವನ್ನು ಮತ್ತೆ ಮೊದಲಿಂದ. ಈಸಿ, ನಾರ್ಮಲ್, ಹಾರ್ಡ್ ಎಂದು ಮೂರು ಬಗೆ. ಆರಿಸಿದ್ದು ಯಾವುದೋ, ಅದು ಇಬ್ಬರಿಗೂ. ಮೇಷ್ಟ್ರು ಹಿಂದೆಮುಂದೆ ನೋಡದೆ ಹಾರ್ಡ್ ಒತ್ತಿದರು.

"ಈಸಿಗೆ ಹಾಕ್ರೀ," ಎಂದಳು ಹೆಂಡತಿ, ಮೂರನೇ ಸಲ ಬಿದ್ದ ಮೇಲೆ.

"ಈಸಿ ಅಂತೆ. ನಿಂಗೋಸ್ಕರ ಅಂತ ಯಾರಾದ್ರೂ ಈಸಿ ರಸ್ತೆ ಮಾಡ್ಸಿದಾರಾ?"

"ನೀವು ಹೊಸಬರನ್ನ ಮೊದಲನೇ ದಿನಾನೇ ಮೇನ್ ರೋಡಿಗೆ ಕರ್ಕೊಂಡು ಹೋಗ್ತೀರಾ? ಖಾಲಿ ಮೈದಾನಕ್ಕೆ ತಾನೇ?"

"ಅದು ಬೇರೆ."

"ಏನು ಬೇರೆ?"

"ಅದು ಜೀವದ ಮಾತು. ಇದು ಆಟ. ಕಷ್ಟಪಡದೆ ಗೆದ್ರೆ ಅದಕ್ಕೇನು ಬೆಲೆ?"

"ನಂಗೆ ಗೆಲ್ಲೋದೇ ಬೇಡ. ಆ ಕೊಳದ ಹತ್ರ ಒಂದು ನಿಮಿಷ ನಿಂತು ನೋಡ್ಬೇಕು. ನಿಲ್ಲೋಕೇ ಬಿಡಲ್ಲ, ಯಾವನೋ ಬಂದು ತಲೆ ಒಡೀತಾನೆ."

ಕಿಟಕಿಯ ಪಕ್ಕ ಕೂತಿದ್ದ ಅತ್ತೆ, ಅಂದರೆ ಅವಳ ತಾಯಿ, ಕೈಯಲ್ಲಿದ್ದ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಹಾಕ್ಕೊಡಬಾರದಾ ಅಳಿಯಂದ್ರೇ. ಬೆಳಗ್ಗಿಂದ ಗಾಜು ಉಜ್ಜಿ ಬಂದಿದಾಳೆ. ಸಂಜೇನೂ ಸಾಯ್ಬೇಕಾ?"

ಅಳಿಯಂದಿರು ಜಗ್ಗಲಿಲ್ಲ. ಬೀಳುತ್ತಾ ಏಳುತ್ತಾ ಇಬ್ಬರೂ ಮುರುಕು ಸೇತುವೆಯವರೆಗೆ ಬಂದರು. ಅಲ್ಲಿ ಒಬ್ಬ ಕಲ್ಲುದೈತ್ಯ ನಿಂತಿದ್ದ. ಅವನು ಏಟು ಹಾಕುವ ಮುಂಚಿನ ಒಂದು ಕ್ಷಣದಲ್ಲಿ ಲಾಟೀನಿನ ಬೆಳಕನ್ನು ಅವನ ಕಣ್ಣಿಗೆ ಹಿಡಿಯಬೇಕು. ಅದು ಹೆಂಡತಿಯ ಪಾಲಿನ ಕೆಲಸ. ಅವಳ ಕೈ ಒಮ್ಮೆ ಬೇಗ ಏಳುತ್ತಿತ್ತು, ಒಮ್ಮೆ ತಡವಾಗುತ್ತಿತ್ತು. ದಿನವೂ ಅದೇ ಸೇತುವೆ, ಅದೇ ದೈತ್ಯ, ಅದೇ ಸಾವು. ಮೇಷ್ಟ್ರಿಗೆ ತಲೆ ಕೆಟ್ಟುಹೋಯಿತು. ಹಗಲೆಲ್ಲ ತಪ್ಪು ನೋಡಿ ಸಾಕಾಗಿ ಮನೆಗೆ ಬಂದರೆ ಇಲ್ಲೂ ತಪ್ಪನ್ನೇ ನೋಡಬೇಕು.

ಆದರೆ ಹೆಂಡತಿ ಬದಲಾಗಿದ್ದಳು. ಕೊಳ ನೋಡಬೇಕು ಎನ್ನುತ್ತಿದ್ದವಳು ಈಗ ದೈತ್ಯನ ಮೇಲೆ ಹಟ ಹಿಡಿದಿದ್ದಳು. ಅಂಗಡಿಯಲ್ಲಿ ಗಾಜು ಉಜ್ಜುವಾಗಲೂ ಅವನ ಕೈಕಾಲಿನ ಲೆಕ್ಕಾಚಾರವೇ.

"ಹೋಗ್ಲಿ, ಈಸಿಗೆ ಹಾಕೋಣ್ವಾ?" ಎಂದು ಕೊನೆಗೆ ಮೇಷ್ಟ್ರೇ ಕೇಳಿದರು.

"ಮುಟ್ಟಬೇಡಿ ಅದನ್ನ. ನಾನೇ ಮಾಡ್ತೀನಿ."

"ಯಾವಾಗ?"

"ಆದಾಗ."

ಅವಳು ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡಿದ ಒಂದು ಸಂಜೆ, ಮೇಷ್ಟ್ರ ಕೈ ತಾನಾಗಿಯೇ ಹೋಗಿ ಹಾರ್ಡನ್ನು ಈಸಿ ಮಾಡಿತು. ಯೋಚಿಸಿ ಮಾಡಿದ್ದೇನಲ್ಲ. ಹೀಗೇ ಬೀಳುತ್ತಿದ್ದರೆ ಬೇಸತ್ತು ಆಟ ಬಿಟ್ಟಾಳು ಎಂಬ ದಿಗಿಲು ಒಂದು ಕಡೆ, ನೋಡಿ ನೋಡಿ ತಡೆಯಲಾಗದ ಸಂಕಟ ಇನ್ನೊಂದು ಕಡೆ. ಅವಳು ಬಂದು ಕೂತಳು. ಲಾಟೀನು ಎತ್ತಿದಳು. ದೈತ್ಯ ಹಳೇ ಗೋಡೆಯ ಹಾಗೆ ಕುಸಿದುಬಿದ್ದ.

ಅವಳು ಕೂಗಲಿಲ್ಲ. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಿಂತೇಬಿಟ್ಟಳು. ಆಮೇಲೆ ತಾಯಿಯನ್ನು ಕುರ್ಚಿ ಸಮೇತ ಅಲ್ಲಾಡಿಸಿದಳು. "ನೋಡಿದ್ಯಾ ಅಮ್ಮ, ಬಿದ್ದ." ಆ ಸಂಭ್ರಮದಲ್ಲಿ ಮೇಷ್ಟ್ರು ಈಸಿಯನ್ನು ವಾಪಸ್ ಹಾರ್ಡ್ ಮಾಡುವುದನ್ನು ಮರೆತೇಬಿಟ್ಟರು.

ಮರುದಿನ ಅವಳು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದಳು, ಕಣ್ಣು ಪರೀಕ್ಷೆ ಮಾಡುವ ಡಾಕ್ಟರನ್ನೂ ಬಿಡಲಿಲ್ಲ. ಸಂಜೆ ಉತ್ಸಾಹದಿಂದ ಆಟಕ್ಕೆ ಕೂತಳು. ಸೇತುವೆಯ ಆಚೆ ಎದುರಾದ ವೈರಿಗಳೆಲ್ಲ ಮುಟ್ಟಿದರೆ ಸಾಕು, ಉರುಳುತ್ತಿದ್ದರು. ನಾಲ್ಕೈದು ಜನ ಉರುಳಿದ ಮೇಲೆ ಅವಳ ಬೆರಳು ನಿಂತಿತು. ಆಟ ನಿಲ್ಲಿಸಿ ಒಳಗಿನ ಪಟ್ಟಿ ತೆರೆದಳು. ಈಸಿ ಎಂದಿತ್ತು.

"ಯಾವಾಗ ಹಾಕಿದ್ರಿ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೀನೇ ತಾನೇ ಮೊದಲು ಈಸಿ ಬೇಕು ಅಂದಿದ್ದು?"

"ಕೇಳ್ದಾಗ ಕೊಡ್ಲಿಲ್ಲ. ಬೇಡ ಅಂದ್ಮೇಲೆ ಕದ್ದು ಕೊಟ್ರಿ."

"ನಿನ್ನ ಖುಷಿಗೇ ಮಾಡಿದ್ದು ಮಾರಾಯ್ತಿ."

"ಬೀದಿ ಜನಕ್ಕೆಲ್ಲ ಬ್ರೇಕ್ ಒತ್ತಿದ್ದು ನಾನು ಅಂತ ಹೇಳ್ತೀರಿ. ನಂಗೆ ಹೇಳೋಕೆ ಬಾಯಿ ಬರ್ಲಿಲ್ವಾ? ನಾಳೆ ಆ ಡಾಕ್ಟ್ರ ಮುಖ ಹೇಗೆ ನೋಡ್ಲಿ?"

ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ಟಿವಿಯ ಕೆಳಗಿನ ಡ್ರಾಯರಿಗೆ ಹಾಕಿ ಎದ್ದುಹೋದಳು. ಮತ್ತೆ ಮನೆಯಲ್ಲಿ ಗ್ಯಾಸಿನ ಮಾತು, ಬಚ್ಚಲ ದೀಪದ ಮಾತು. ಮೇಷ್ಟ್ರಿಗೆ ಅವಳ ಮೇಲೆ ಸಿಟ್ಟು, ತಮ್ಮ ಮೇಲೆ ಸಿಟ್ಟು, ಆಟದಲ್ಲಿ ಮೂರು ಬಗೆ ಇಟ್ಟವನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಒಂದೇ ಬಗೆ ಇಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ವಾರ ಅವರು ಬ್ಯಾಂಕ್ ಮ್ಯಾನೇಜರಿಗೆ, "ಗೇರನ್ನ ಮುದ್ದು ಮಾಡ್ಬೇಡಿ ಸಾರ್, ಅದೇನು ಮೊಮ್ಮಗೂನಾ?" ಎಂದು ರೇಗಿದರು. ಸಂಜೆಯ ಕೊನೆಯ ಕ್ಲಾಸನ್ನು ಬೇಗ ಮುಗಿಸಲು ಕಾರಣ ಉಳಿಯದೆ, ಎಳೆದು ಎಳೆದು ಕತ್ತಲು ಮಾಡಿದರು.

ಕೊನೆಗೆ ಒಂದು ರಜೆಯ ದಿನ ತಾವೊಬ್ಬರೇ ಟಿವಿಯ ಮುಂದೆ ಕೂತರು. ಆಟವನ್ನು ಹಿಂದಕ್ಕೆ ತಿರುಗಿಸಿ ಸೇತುವೆಯ ಈಚೆಗೆ ತಂದರು. ಹಾರ್ಡ್ ಹಾಕಿದರು. ಒಬ್ಬರೇ ಆಡಿದರೆ ಲಾಟೀನೂ ತಮ್ಮ ಕೈಗೇ ಬರುತ್ತಿತ್ತು. ಇಷ್ಟು ದಿನ ಅದನ್ನು ಹಿಡಿದೇ ಇರಲಿಲ್ಲ. ದೈತ್ಯ ಒಂದೇ ಏಟಿಗೆ ಮಲಗಿಸಿದ. ಎದ್ದರು. ಮತ್ತೆ ಮಲಗಿಸಿದ.

"ಅಳಿಯಂದ್ರೇ, ನೀವು ಸತ್ತಾಗ ಸದ್ದು ಜೋರಾಗಿ ಬರುತ್ತೆ," ಎಂದರು ಅತ್ತೆ.

ಬಾಗಿಲ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಎಷ್ಟೋ ಹೊತ್ತು ತುಟಿ ಕಚ್ಚಿಕೊಂಡೇ ಇದ್ದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. "ಕೈ ನೋಡ್ಬೇಡಿ. ಅವನು ಎಡಗಾಲು ಎಳೀತಾನೆ, ಅದನ್ನ ನೋಡಿ."

"ನಾನು ಕೇಳಿದ್ನಾ?" ಎಂದುಬಿಟ್ಟರು ಮೇಷ್ಟ್ರು.

"ಇಲ್ಲ. ತಪ್ಪಾಯ್ತು." ಅವಳು ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದಳು.

ಮೇಷ್ಟ್ರು ಇನ್ನೆರಡು ಸಲ ಸತ್ತರು. ಕಿವಿ ಕೆಂಪಾಗಿತ್ತು. ಟಿವಿಯಿಂದ ಕಣ್ಣು ತೆಗೆಯದೆ, "ಕೇಳ್ತಾ ಇದೀನಿ. ಯಾವ ಕಾಲು?" ಎಂದರು. ಆಮೇಲೆ, "ಅವತ್ತು ನಾನು ಮಾಡಿದ್ದು ಸರಿ ಇರ್ಲಿಲ್ಲ," ಎಂದರು.

ಅವಳು ಇಸ್ತ್ರಿಯ ಸ್ವಿಚ್ ಆರಿಸಿ ಬಂದಳು. ಡ್ರಾಯರು ತೆರೆದಳು. ಕೂತವಳು ಮೊದಲು ಪಟ್ಟಿ ತೆರೆದು ನೋಡಿದಳು. ಹಾರ್ಡ್.

"ಇದು ಹೀಗೇ ಇರ್ಲಿ. ಇವನನ್ನ ಹೀಗೇ ಬೀಳಿಸ್ಬೇಕು. ದಾಟಿದ್ಮೇಲೆ ಈಸಿಗೆ ಹಾಕ್ತೀನಿ. ಆ ಕಡೆ ಒಂದು ಹಳೇ ಊರಿದೆ. ಮನೆಮನೆ ಒಳಗೂ ಹೋಗಿ ನೋಡ್ಬೇಕು."

ಗೆಲುವಿನ ಬೆಲೆಯ ಬಗ್ಗೆ ಮೇಷ್ಟ್ರ ಬಾಯಿಗೆ ಏನೋ ಬಂತು. ನುಂಗಿಕೊಂಡರು. "ಆಯ್ತು, ಇಬ್ರಿಗೂ ಅದೇ."

ಲಾಟೀನು ಅವಳ ಕೈಗೆ ಹೋಯಿತು. ದೈತ್ಯ ಎಡಗಾಲು ಎಳೆದ, ಬೆಳಕು ಎದ್ದಿತು, ಒಂದು ಕೂದಲೆಳೆಯಷ್ಟು ತಡವಾಯಿತು. ಇಬ್ಬರೂ ಬಿದ್ದರು. ಮತ್ತೆ ಬಿದ್ದರು. ಮೇಷ್ಟ್ರಿಗೆ ಹೊಟ್ಟೆ ಚುರುಗುಡುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು, ಪಕ್ಕದಲ್ಲಿ ಅದೇ ತಪ್ಪು ಅದೇ ಜಾಗದಲ್ಲಿ ಆಗುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳೋಣವೆಂದರೆ ಕೈಗೂ ಕೆಲಸವಿತ್ತು.

"ಊಟ ತಣ್ಣಗಾಗ್ತಿದೆ," ಎಂದರು ಅತ್ತೆ.

"ಇನ್ನೊಂದ್ಸಲ," ಎಂದಳು ಹೆಂಡತಿ.

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೋಲು ಎತ್ತಿದರು.